ಫಾಸ್ಟ್ ಎಂಬ ಪದಕ್ಕೆ ಹಾಕಿದ ಕೆಂಪು ಗೆರೆ

ನಾನು ಗಣಿತದ ಟೀಚರು. ಇಂಗ್ಲಿಷ್ ಕಲಿಸುತ್ತಿದ್ದವರು ವರ್ಗವಾಗಿ ಹೋದ ಮೇಲೆ, ಬೇರೆಯವರು ಬರುವ ತನಕ ಏಳನೇ ತರಗತಿಯ ಇಂಗ್ಲಿಷನ್ನೂ ನೀವೇ ನೋಡಿಕೊಳ್ಳಿ ಎಂದರು ಹೆಡ್‌ಮಾಸ್ಟರು. ಬೇಡ ಎನ್ನುವ ಧೈರ್ಯ ಬರಲಿಲ್ಲ.

ಒಂದು ಶನಿವಾರ ಹತ್ತು ವಾಕ್ಯ ಕೊಟ್ಟು, ಗೆರೆ ಎಳೆದ ಪದ ನಾಮಪದವೋ, ಗುಣವಾಚಕವೋ, ಕ್ರಿಯಾವಿಶೇಷಣವೋ ಗುರುತಿಸಿ ಎಂದೆ. 'ದಿ ಬಸ್ ರನ್ಸ್ ಫಾಸ್ಟ್' ಅವುಗಳಲ್ಲೊಂದು. ಫಾಸ್ಟ್ ಗುಣವಾಚಕ ಎಂದೇ ನಾನು ನಂಬಿದ್ದೆ. ಕ್ರಿಯಾವಿಶೇಷಣವಾದರೆ ಕೊನೆಗೆ 'ಲಿ' ಬರಬೇಕು ಎಂದಷ್ಟೇ ನನ್ನ ತಿಳುವಳಿಕೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ ಕ್ರಿಯಾವಿಶೇಷಣ ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಗೆರೆ ಎಳೆದೆ.

"ಟೀಚರ್, ಬಸ್ಸು ಹೇಗೆ ಉಂಟು ಅಂತ ಅಲ್ಲ ಅದು. ಹೇಗೆ ಓಡ್ತದೆ ಅಂತ ಹೇಳುದು," ಎಂದಳು.

"ಎದುರು ಮಾತಾಡ್ಬೇಡ. ಸರಿ ಉತ್ತರ ಇಪ್ಪತ್ತು ಸಲ ಬರ್ಕೊಂಡು ಬಾ."

ಶಾಲೆ ಮುಗಿಸಿ ಮನೆಗೆಂದು ಸುಳ್ಯಕ್ಕೆ ಬಸ್ಸಿನಲ್ಲಿ ನಿಂತು ಬರುವಾಗ ಅವಳ ಮಾತು ತಲೆಯಿಂದ ಇಳಿಯಲಿಲ್ಲ. ಒಂದು ಕೈಯಲ್ಲಿ ಕಂಬಿ ಹಿಡಿದು ಮೊಬೈಲಿನಲ್ಲಿ ನಿಘಂಟು ತೆರೆದೆ. ಅವಳು ಬರೆದದ್ದೇ ಸರಿ.

ಭಾನುವಾರ ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದೆ. ಸೋಮವಾರ ಬೆಳಿಗ್ಗೆಯೇ ಹೇಳಿಬಿಡೋಣವೆಂದು ಹೋದರೆ ಹುಡುಗಿ ಬಂದಿರಲಿಲ್ಲ. ಮಂಗಳವಾರವೂ ಇಲ್ಲ. ನನ್ನಿಂದಲೇ ಹೀಗಾಯಿತೇ ಎಂದು ಕೂತಲ್ಲಿ ಕೂರಲಾಗಲಿಲ್ಲ. ಶಾಲೆ ಬಿಟ್ಟದ್ದೇ ರಿಕ್ಷಾ ಹಿಡಿದು ಆಲೆಟ್ಟಿಯ ಅವಳ ಮನೆಗೆ ಹೋದೆ.

ಅಂಗಳದಲ್ಲಿ ಅವಳ ಅಮ್ಮ ರಬ್ಬರ್ ಶೀಟು ಒಣಗಹಾಕುತ್ತಿದ್ದರು. ನನ್ನನ್ನು ಕಂಡು ಗಾಬರಿಯಾದರು.

"ಎಂತಾಯ್ತು ಟೀಚರ್? ಇವಳು ಎಂತಾದ್ರೂ ಮಾಡಿದ್ಳಾ?"

"ಅವಳಲ್ಲ, ತಪ್ಪು ಮಾಡಿದ್ದು ನಾನು. ಶಾಲೆಗೆ ಯಾಕೆ ಬರ್ಲಿಲ್ಲ?"

"ಜ್ವರ ಉಂಟು ಮಾರಾಯ್ರೆ. ಮಲಗು ಅಂದ್ರೆ ಕೇಳುದಿಲ್ಲ, ಟೀಚರ್ ಬರೀಲಿಕ್ಕೆ ಹೇಳಿದ್ದಾರೆ ಅಂತ ಕೂತು ಬರೀತಿದ್ಳು."

ಬರೀ ಜ್ವರವಷ್ಟೇ ಎಂದು ನನಗೆ ಸಮಾಧಾನವಾಯಿತು. ಮರುಕ್ಷಣ ಆ ಸಮಾಧಾನಕ್ಕೇ ನಾಚಿಕೆಯಾಯಿತು.

ಹುಡುಗಿ ಚಾಪೆಯ ಮೇಲೆ ಎದ್ದು ಕೂತಳು. ಪುಸ್ತಕದಲ್ಲಿ ಇಪ್ಪತ್ತು ಸಾಲು, ದುಂಡಗಿನ ಅಕ್ಷರದಲ್ಲಿ ನನ್ನ ತಪ್ಪು. ಅವೆಲ್ಲವನ್ನೂ ಹೊಡೆದುಹಾಕಿ, ಅವಳ ಹಳೆಯ ಉತ್ತರಕ್ಕೆ ಸರಿ ಗುರುತು ಹಾಕಿದೆ. ಅವಳು ನಗಲಿಲ್ಲ.

"ಹಾಗಾದ್ರೆ ಉಳಿದವ್ರೆಲ್ಲ ತಪ್ಪೇ ಕಲ್ತಿದ್ದಾರಲ್ಲ ಟೀಚರ್?"

ಮರುದಿನ ಬೋರ್ಡಿನ ಮೇಲೆ ಅದೇ ವಾಕ್ಯ ಬರೆದೆ. ನಾನು ಹೇಳಿಕೊಟ್ಟದ್ದು ತಪ್ಪು, ಗದರಿದ್ದು ಇನ್ನೂ ದೊಡ್ಡ ತಪ್ಪು ಎಂದೆ. ಆಮೇಲೆ ಯಾರೋ ಕೇಳಿದರು: "ಹಾಗಾದ್ರೆ ಹಾರ್ಡ್ ಯಾವುದು ಟೀಚರ್?"

"ನಿಘಂಟು ನೋಡಿ ನಾಳೆ ಹೇಳ್ತೇನೆ," ಎಂದೆ.

ಇಂಗ್ಲಿಷಿಗೆ ಹೊಸಬರು ಇನ್ನೂ ಬಂದಿಲ್ಲ. ಜ್ವರ ಬಿಟ್ಟು ಬಂದ ಆ ಹುಡುಗಿ ಈಗ ದಿನಕ್ಕೆ ಎರಡು ಸಲವಾದರೂ ಕೈ ಎತ್ತುತ್ತಾಳೆ. ಮತ್ತೆಲ್ಲಿ ತಪ್ಪು ಹೇಳಿದೆನೋ ಎಂದು ಪ್ರತಿ ಸಲವೂ ಹೆದರಿಕೆ. ಆದರೂ ಹೇಳು ಎನ್ನುತ್ತೇನೆ.