ಗಾಳಿ ಪೈಪಿನೊಳಗಿನ ನೀರು

ಚಾಚಾನ ಬಲಗಿವಿಯ ಮೇಲೆ ಯಾವಾಗಲೂ ಸಣಬಿನ ಎಳೆಗಳ ಒಂದು ಸಣ್ಣ ಕಟ್ಟು ಕೂತಿರುತ್ತಿತ್ತು. ನೀರು ಸೋರದಿರಲೆಂದು ಪೈಪಿನ ತುದಿಯ ತಿರುಪಿಗೆ ಸುತ್ತುವ ಎಳೆ ಅದು. ಬೇಕಾದಾಗ ಒಂದೊಂದೇ ಎಳೆದು, ಬಿಳಿ ಸಫೇದಾ ಪೇಸ್ಟ್ ಮೆತ್ತಿದ ಬೆರಳಿನಿಂದ ಸುತ್ತಿ, ಪಾನಾದಿಂದ ಪೈಪು ಬಿಗಿಯುತ್ತಿದ್ದರು. ದೂರದಿಂದ ನೋಡಿದರೆ ಗಡ್ಡವೇ ಕಿವಿ ಹತ್ತಿ ಕೂತಂತೆ ಕಾಣುತ್ತಿತ್ತು.

ಎಲ್ಲರೂ ಚಾಚಾ ಎಂದೇ ಕರೆಯುತ್ತಿದ್ದ ಅವರು ಗುತ್ತಲದವರು, ನೀರಿನ ಪೈಪಿನ ಮಿಸ್ತ್ರಿ. ಅವರು ಹಾಕಿದ ಲೈನು ಸೋರುವುದಿಲ್ಲ, ಸೊಟ್ಟ ಇರುವುದಿಲ್ಲ ಎಂದು ಸುತ್ತಲ ಊರುಗಳಲ್ಲಿ ಹೆಸರು. ನೀರು ತುಂಬಿದ ನಳಿಕೆ ಹಿಡಿದು, ಒಂದು ಕಣ್ಣು ಮುಚ್ಚಿ ಲೆವೆಲ್ ನೋಡುತ್ತಾ, "ಪೈಪ್ ಸೊಟ್ಟ ಅಂದ್ರ ಮಿಸ್ತ್ರೀನ ಸೊಟ್ಟ ಅಂತ ತಿಳೀರಿ ಬಾಯಾರ" ಎನ್ನುತ್ತಿದ್ದರು.

ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಗಂಡ ಹಾವೇರಿಯ ಗುತ್ತಲ ರಸ್ತೆಯಲ್ಲಿ ಒಂದು ಶೆಡ್ ಹಾಕಿದರು, ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಸ್ಪ್ರೇ ಪೇಂಟ್ ಹೊಡೆಯಲು. ರಾಣೆಬೆನ್ನೂರಿನಲ್ಲಿ ಅವರ ಅಣ್ಣನ ಮನೆಯಲ್ಲಿದ್ದವರು ಹಠ ಮಾಡಿ ಬೇರೆ ಬಂದಿದ್ದೆವು. ಇದು ನಡೆಯದಿದ್ದರೆ ಶೆಡ್ ಮುಚ್ಚಿ ಮತ್ತೆ ಆ ಮನೆಯ ಹಿಂದಿನ ಕೋಣೆಯೇ ಗತಿ. ಫ್ರ್ಯಾಂಕ್ಲಿ, ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದ ನನಗೆ ಕಂಪ್ರೆಸರ್ ಎಂದರೆ ಸದ್ದು ಮಾಡುವ ಕಬ್ಬಿಣದ ಡ್ರಮ್, ಅಷ್ಟೇ. ಅದರ ಗಾಳಿಯನ್ನು ಶೆಡ್ಡಿನ ಆ ತುದಿಗೆ ಒಯ್ಯಲು ಯಾವ ಪೈಪು? ಅಂಗಡಿಯವನು ಪ್ಲಾಸ್ಟಿಕ್ ಅಂದ. ಭಾವ ರಬ್ಬರ್ ಅಂದರು. ನನ್ನ ಗಂಡ ತಾಮ್ರ ಅಂದವರು ಮರುದಿನ ಬೇಡ ಅಂದರು. ಟೋಟಲ್ ಕನ್‌ಫ್ಯೂಷನ್.

ಕೊನೆಗೆ ಚಾಚಾನನ್ನು ಕರೆಸಿದೆವು. "ಪ್ಲಾಸ್ಟಿಕ್ ಹೊಲಕ್ಕ ಛಲೋರಿ," ಅಂದರು. "ನೀರು ತುಂಬಿದ ಪೈಪ್ ಒಡದ್ರ ನೆಲ ತೊಯ್ತದ, ಮುಗೀತು. ಗಾಳಿ ತುಂಬಿದ್ದು ಒಡದ್ರ ಚೂರು ಹಾರ್ತಾವ. ಯಾರ ಕಣ್ಣಿಗೆ ಹೋಗ್ಲಿ ಅಂತ ಕೇಳಿ ಹಾರಂಗಿಲ್ಲ. ಕಬ್ಬಿಣದ್ದು, ಜಿ.ಐ. ಹಾಕೂಣು."

ಹಾಕಿದರು. ಶೆಡ್ಡಿನ ಉದ್ದಕ್ಕೂ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಪೈಪು. ಅದರ ಹೊಟ್ಟೆಯಿಂದ ಕೆಳಗೆ ಇಳಿಬಿಟ್ಟ ಕವಲುಗಳು, ನಲ್ಲಿಗೆ ಬಿಡುವಂತೆಯೇ. ದಾಡಿಯ ಬ್ರಶ್ಶಿನಿಂದ ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ನೋಡಿದರು. ಎಲ್ಲೂ ಒಂದು ಗುಳ್ಳೆ ಏಳಲಿಲ್ಲ.

ಗುಳ್ಳೆ ಎದ್ದದ್ದು ಪೇಂಟಿನ ಮೇಲೆ. ಮೊದಲ ಟ್ರೇಲರ್ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರದು, ಕೆಂಪು ಬಣ್ಣ ಬೇಕು ಎಂದಿದ್ದರು. ಸ್ಪ್ರೇ ಗನ್ ಬಣ್ಣದ ಜೊತೆ ನೀರು ಉಗುಳಿ, ಮಧ್ಯಾಹ್ನದ ಹೊತ್ತಿಗೆ ಟ್ರೇಲರ್ ಸಿಡುಬು ಎದ್ದ ಮುಖದಂತಾಯಿತು. ತಿಕ್ಕಿ ತೆಗೆದು ಮತ್ತೆ ಹೊಡೆದರೂ ಅದೇ. ವ್ಯಾಪಾರಿ ಬಂದು ನೋಡಿ, "ಇನ್ನೊಮ್ಮೆ ಹಿಂಗಾದ್ರ ಗಾಡಿ ಎಳಕೊಂಡು ಹೋಗ್ತೇನಿ. ಆಮ್ಯಾಲೆ ನಮ್ಮ ಪ್ಯಾಟಿಯಿಂದ ಯಾರೂ ಬರಂಗಿಲ್ಲ, ನೋಡ್ರಿ" ಎಂದು ಹೋದರು. ನನ್ನ ಗಂಡ ಅಣ್ಣನಿಗೆ ಏನು ಹೇಳುವುದೆಂದು ಆಗಲೇ ಯೋಚಿಸುತ್ತಿದ್ದರು.

ನಮ್ಮ ಪೇಂಟರ್‌ಗೆ ನಾಲಿಗೆ ಉದ್ದ. "ಚಾಚಾನ ಕೈ ರೂಢೀರಿ ಅದು. ಏನು ಜೋಡಿಸಿದ್ರೂ ನೀರ ಬರ್ತದ."

ಚಾಚಾ ನಗಲಿಲ್ಲ. "ನಾ ಏನು ನೀರಿನ ಟಾಕಿಗೆ ಜೋಡಿಸೀನೇನಲೇ? ಗಾಳ್ಯಾಗ ನೀರು ಎಲ್ಲಿಂದ ಬಂತು?"

ಚಾಚಾ ಪೈಪಿಗೆ ಕಿವಿಯಿಟ್ಟು ಕೇಳಿದರು. ಮಾಡಿನ ತಗಡು ಸೋರುತ್ತದೆಯೇ ಎಂದು ಏಣಿ ಹತ್ತಿದರು. ಅಂಗೈಯಲ್ಲಿ ಆ ನೀರು ಹಿಡಿದು ಮೂಸಿದರು. ಬೋರ್‌ವೆಲ್ ನೀರಾದರೆ ಮೂಸಿಯೇ ಅವರಿಗೆ ಗೊತ್ತಾಗುತ್ತಿತ್ತು. ಈ ನೀರಿಗೆ ಅಪ್ಪ ಅವ್ವ ಯಾರೂ ಇರಲಿಲ್ಲ.

ಒಂದು ದಿನ ಚಾಚಾ ಬ್ಯಾಡಗಿ ಬಸ್ಸಿನಿಂದ ಇಳಿದವರೇ ನೇರ ಶೆಡ್ಡಿಗೆ ಬಂದರು.

"ಕೋಲ್ಡ್ ಸ್ಟೋರೇಜಿನ್ಯಾಗ ನಲ್ಲಿ ರಿಪೇರಿಗೆ ಹೋಗಿದ್ದೆ ಬಾಯಾರ. ಮೆಣಸಿನಕಾಯಿ ಚೀಲ ಹೊರಗ ತಂದಿಟ್ರ ಬೆವರಾಕತ್ತಾವ. ಖರೇ, ಯಾರೂ ನೀರು ಹೊಡದಿಲ್ಲ. ಹಮಾಲರು ಅವನ್ನ ಲಗೂ ಬಿಚ್ಚಂಗಿಲ್ಲ, ಆರಲಿ ಅಂತ ಬಿಡ್ತಾರ."

"ಕಂಡೆನ್ಸೇಶನ್," ಅಂದೆ. ಗಾಳಿಯ ತೇವ ತಣ್ಣಗಾಗಿ ಹನಿಗಟ್ಟುವುದಕ್ಕೆ ಕಾನ್ವೆಂಟಿನ ಸಿಸ್ಟರ್ ಬಾಯಿಪಾಠ ಮಾಡಿಸಿದ್ದ ಪದ. ನಮ್ಮ ಪೈಪಿಗೂ ಅದಕ್ಕೂ ಏನು ಸಂಬಂಧ ಎಂದು ನನಗೆ ಹೊಳೆಯಲಿಲ್ಲ.

"ಹೆಸರು ಏನರ ಇರ್ಲಿ. ಈ ಮಷೀನಿನ ಗಾಳಿ ಸುಡುಸುಡು ಬರ್ತದ. ಪೈಪಿನ್ಯಾಗ ತಣ್ಣಗಾಗ್ತದ. ಒಳಗ ಬೆವರ್ತದೇನ್ರಿ?"

"ಇರಬಹುದು, ಚಾಚಾ."

"ಬೆವರಿದ್ದು ತಳದಾಗ ಹರೀತದ. ನಾನೂ ಕವಲು ತಳದಿಂದನ ತಗದೀನಿ." ಮೇಲೆ ನೋಡುತ್ತಾ ನಿಂತುಬಿಟ್ಟರು. ನೀರಿನವರು ಹಾಗೆಯೇ ತೆಗೆಯುವುದು. ಜೀವಮಾನವಿಡೀ ಅವರ ಕೈ ಹಾಗೆಯೇ ಕಲಿತಿತ್ತು.

ಎಲ್ಲ ಬಿಚ್ಚಿದರು. ಕವಲುಗಳನ್ನು ಈ ಸಲ ಪೈಪಿನ ನೆತ್ತಿಯಿಂದ ಹೊರಡಿಸಿ, ಕೊಡೆಯ ಹಿಡಿಯಂತೆ ಬಾಗಿಸಿ ಕೆಳಗಿಳಿಸಿದರು. ನೀರು ಹರಿದು ಹೋಗಲೆಂದು ಕೊನೆಯಲ್ಲಿ ಬಿಚ್ಚಿ ಮುಚ್ಚುವ ಒಂದು ಕಾಕ್. ಆದರೆ ಹರಿಯಬೇಕಾದರೆ ಪೈಪು ಇಳಿಜಾರಾಗಬೇಕು. ಅಲ್ಲಿ ಅವರ ಕೈ ನಿಂತಿತು. ಲೆವೆಲ್ ನಳಿಕೆಯನ್ನು ಚೀಲದೊಳಗೆ ಹಾಕಿ, ರಸ್ತೆಯ ಕಡೆ ನೋಡಿದರು. ಶೆಡ್ಡಿಗೆ ಮುಂದಿನ ಗೋಡೆ ಇರಲಿಲ್ಲ. ಹೋಗಿ ಬರುವವರಿಗೆಲ್ಲ ಪೈಪು ಕಾಣುತ್ತಿತ್ತು.

"ಚಾಚಾನ ಕಣ್ಣು ಹೋದವು ಅಂತಾರ ಮಂದಿ," ಅಂದರು. "ಯಾರರ ಕೇಳಿದ್ರ ಹೊರಗಿನ ಮಿಸ್ತ್ರಿ ಹಾಕ್ಯಾನ ಅನ್ರಿ." ಆಮೇಲೆ ತಾವೇ ಹತ್ತಿ, ಬೇಕೆಂದೇ ಸೊಟ್ಟ ಹಾಕಿದರು.

ಮೆಣಸಿನಕಾಯಿ ವ್ಯಾಪಾರಿಯ ಟ್ರೇಲರಿನ ಕೆಂಪು ಈ ಸಲ ಗಾಜಿನಂತೆ ಹೊಳೆಯಿತು. ಬ್ಯಾಡಗಿಯಿಂದ ಟ್ರೇಲರ್‌ಗಳು ಸಾಲಾಗಿ ಬಂದವು. ಈ ಸೊಟ್ಟ ಲೈನ್ ಯಾರು ಹಾಕಿದ್ದು ಎಂದು ಯಾರಾದರೂ ಕೇಳಿದರೆ, "ಹೊರಗಿನವರು," ಎನ್ನುತ್ತಿದ್ದೆ. ಒಮ್ಮೆ ಚಾಚಾ ಪಕ್ಕದಲ್ಲೇ ಚಹಾ ಕುಡಿಯುತ್ತಿದ್ದರು. "ಯಾವನೋ ಸೊಟ್ಟ ಮನಶ್ಯಾ ಇರಬೇಕು," ಎಂದು ಚಹಾದ ಬಸಿಯೊಳಗೆ ಊದಿದರು. ಅದು ತಮಾಷೆಯೋ ಸಂಕಟವೋ, ಐ ಸ್ಟಿಲ್ ಡೋಂಟ್ ನೋ.

ತೊಂಬತ್ತರ ದಶಕದಲ್ಲಿ ಚಾಚಾ ತೀರಿಕೊಂಡರು. ನಾನು ಗುತ್ತಲಕ್ಕೆ ಹೋದಾಗ ಮನೆಮುಂದೆ ಕೂತ ಗಂಡಸರು ಅವರು ಹಾಕಿದ ಲೈನುಗಳನ್ನೆಲ್ಲ ನೆನೆಸುತ್ತಿದ್ದರು: ಆಸ್ಪತ್ರೆಯದು, ಶಾಲೆಯದು, ಮಸೀದಿಯಲ್ಲಿ ಕೈಕಾಲು ತೊಳೆಯುವ ಹೌದಿನದು. ನಮ್ಮದು ಅದರಲ್ಲಿರಲಿಲ್ಲ. ಒಳಗೆ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು.

"ಹಾವೇರಿ ಬಸ್ಸಿನ್ಯಾಗ ಯಾವಾಗ್ಲೂ ನಿಮ್ಮ ಶೆಡ್ಡಿನ ಕಡೆ ಕಿಟಕೀನ ಹಿಡೀತಿದ್ರು ಬಾಯಾರ. ಏನು ನೋಡ್ತೀರಿ ಅಂದ್ರ ಬಾಯಿ ಬಿಡ್ತಿರಲಿಲ್ಲ. ಅಲ್ಲಿ ಏನೈತ್ರಿ?"

ಹೊರಗಿನವರು ಎಂದೇ ಹೇಳುವುದಾಗಿ ಚಾಚಾಗೆ ಕೊಟ್ಟ ಮಾತು ಅಂದು ಮುರಿದೆ.

"ಅವರು ಹಾಕಿದ ಪೈಪ್ ಐತ್ರಿ," ಅಂದೆ. "ಸೊಟ್ಟ ಐತಿ. ಅದು ಸೊಟ್ಟ ಇದ್ದದ್ದಕ್ಕ ನಾವು ಇನ್ನೂ ಹಾವೇರ್ಯಾಗ ಅದೀವಿ."