ಖಾಲಿ ಸರಳಿನ ತೂಕ

ಶಿರಸಿಯ ಜಿಮ್ಮಿನಲ್ಲಿ ನಾನು ತರಬೇತಿ ಕೊಡುವವಳು. ಮೂಳೆ ಗಟ್ಟಿಯಾಗಲು ಭಾರ ಎತ್ತಿ ಎಂದು ಡಾಕ್ಟರು ಹೇಳಿದ್ದರಿಂದ ಬಿಳಗಿಯ ಅಮ್ಮ ಒಬ್ಬರು ಬರುತ್ತಿದ್ದರು. ಎರಡು ವಾರ ಕೋಲಿನಲ್ಲಿ ಅಭ್ಯಾಸ ಮಾಡಿಸಿ, ತೂಕದ ಬಿಲ್ಲೆ ಹಾಕದ ಬಾರ್‌ಬೆಲ್ ಸರಳು ಕೊಟ್ಟೆ. ಅವತ್ತೇ ಅವರ ಯಜಮಾನರೂ ಬಂದಿದ್ದರು.

"ಖಾಲಿ ಸರಳಿಗೆ ಎಂತ ತೂಕ ಇರ್ತದೆ? ಬಿಲ್ಲೆ ಹಾಕಿ."

"ಸರಳೇ ಹದಿನೈದು ಕೆ.ಜಿ. ಇದೆ ಸರ್."

ನಂಬದೆ ತಾವೇ ಎತ್ತಲು ಹೋದರು. ಮೊಣಕಾಲು ಬಗ್ಗಿಸಿ, ಬೆನ್ನು ನೇರ ಇಡಿ ಎಂದು ಮೂರು ಸಲ ಹೇಳಿದೆ. ಕೇಳಲಿಲ್ಲ. ಬಿಲ್ಲಿನಂತೆ ಬಾಗಿ ಎಳೆದವರು ಅರ್ಧಕ್ಕೇ ಇಳಿಸಿ ಸೊಂಟ ಹಿಡಿದುಕೊಂಡರು.

"ನಿಂಗ ಆಚೆಗೆ ಕೂತ್ಗಳಿ" ಎಂದು ಯಜಮಾನರನ್ನು ಬೆಂಚಿಗೆ ಕಳಿಸಿದ ಅಮ್ಮ, ಸರಳನ್ನು ಕಾಲಿಗೆ ತಾಗಿಸಿಕೊಂಡು ಐದು ಸಲ ಎತ್ತಿದರು.

ಬೆಂಚಿನಿಂದ ಯಜಮಾನರು ನನಗೆ ಹೇಳಿದರು: "ನಾನು ತೋರಿಸಿಕೊಟ್ಟಿದ್ದಕ್ಕೆ ಎಷ್ಟು ಸಲೀಸಾಯ್ತು ನೋಡಿ."

ನನಗೆ ಅವರ ಸೊಂಟಕ್ಕೆ ಐಸ್ ಹುಡುಕುವ ಕೆಲಸವಿತ್ತು.