ಕಪ್ಪು ಪರದೆಯಲ್ಲಿ ತಿರುಗದ ಮೌಸು

ಮಳೆಗಾಲ ಶುರುವಾದ ಹೊಸದರಲ್ಲಿ ನಮ್ಮ ಮನೆ ಹತ್ತಿರದ ಶ್ರೀಕಾರ್ಯಂ ಇಳಿಜಾರಿನಲ್ಲಿ ಸ್ಕೂಟರ್ ಜಾರಿ ನಮ್ಮ ಯಜಮಾನರು ಬಿದ್ದರು. ತಲೆಗೆ ಏನೂ ಆಗಲಿಲ್ಲ, ಮೊದಲು ಅದಕ್ಕೆ ದೇವರಿಗೆ ಕೈ ಮುಗಿದೆ. ಬಲಗೈ ಮಣಿಕಟ್ಟಿನಲ್ಲಿ ನರ ತುಂಡಾಗಿತ್ತು. ಕೊಚ್ಚಿಯ ಆಸ್ಪತ್ರೆಯಲ್ಲಿ ಅದನ್ನು ಹೊಲಿದು ಕೂಡಿಸಿದರು. ಕೈ ಉಳಿಯಿತು, ಅದಕ್ಕೂ ಕೈ ಮುಗಿದೆ. ಆದರೆ ತೋರುಬೆರಳಿಗೆ ಸ್ಪರ್ಶ ಬರಲಿಲ್ಲ. ಅದು ಬಗ್ಗಿತೋ ಇಲ್ಲವೋ ಎಂಬುದನ್ನು ಇವರು ಕಣ್ಣಿಂದಲೇ ನೋಡಿ ತಿಳಿಯಬೇಕು. ಕಾಫಿ ಲೋಟವನ್ನು ನಾನು ಮೊದಲು ಮುಟ್ಟಿ ನೋಡಿ ಆಮೇಲೆ ಕೊಡುತ್ತಿದ್ದೆ.

ಇವರು ಬೆಳೆ ಸಂಶೋಧನೆಯ ಕಚೇರಿಯಲ್ಲಿ ವಿಜ್ಞಾನಿ. ಮೈಸೂರು ಬಿಟ್ಟು ಈ ಮಲಯಾಳದ ನಾಡಿಗೆ ಬಂದಾಗಿನಿಂದ ಮರಗೆಣಸಿನ ಇಳುವರಿಯ ಲೆಕ್ಕವೇ ಇವರ ಕೆಲಸ. ಅದಕ್ಕಾಗಿ ಚಿಕ್ಕ ವಯಸ್ಸಿನಲ್ಲಿ ತಾವೇ ಬರೆದ ಒಂದು ಪ್ರೋಗ್ರಾಂ ಇದೆ. ಚಿತ್ರವಿಲ್ಲ, ಬಣ್ಣವಿಲ್ಲ, ಕಪ್ಪು ಪರದೆಯ ಮೇಲೆ ಬರೀ ಅಕ್ಷರ, ಅಂಕಿ. ಲೆಕ್ಕ ಅಲ್ಲಿ ಮುಗಿದ ಮೇಲೆ ಅದೇ ಕಂಪ್ಯೂಟರಿನ ಬಣ್ಣದ ಪರದೆಗೆ ಬಂದು ನಕ್ಷೆ ನೋಡುತ್ತಾರೆ. ಎರಡೂ ಬೇಕು. ರಜೆ ಮುಗಿಯುವುದರೊಳಗೆ ಕೊಚ್ಚಿಯ ಡಾಕ್ಟರು, ಇವರು ತಮ್ಮ ಕೆಲಸ ತಾವು ಮಾಡಬಲ್ಲರು ಎಂದು ಬರೆದುಕೊಡಬೇಕಿತ್ತು. ಇಲ್ಲದಿದ್ದರೆ ಲೈಬ್ರರಿಯಲ್ಲಿ ಒಂದು ಕುರ್ಚಿ ಇದೆಯಂತೆ. "ಅಲ್ಲಿ ಕೂತಿದ್ದರೆ ಸಾಕು ಸಾರ್" ಎಂದು ಕಚೇರಿಯವರು ಫೋನಿನಲ್ಲಿ ಮರ್ಯಾದೆಯಿಂದಲೇ ಹೇಳಿದ್ದರು. ಆ ಮಾತು ಕೇಳಿದ ದಿನ ಇವರು ಊಟಕ್ಕೆ ಏಳಲಿಲ್ಲ.

ಬೆರಳಿಗೆ ತಿರುಗಿಸುವಂಥದ್ದು ಏನಾದರೂ ಕೊಡಿ ಎಂದಿದ್ದರು ಡಾಕ್ಟರು. ಇಂಜಿನಿಯರಿಂಗ್ ಓದುವ ಮಗಳು ನಡುವೆ ಸಣ್ಣ ಚಕ್ರವಿರುವ ಒಂದು ಮೌಸು ತಂದಳು. ಕೀಬೋರ್ಡಿನ ಕೀಲಿಗಳನ್ನು ಒತ್ತುವ ಶಕ್ತಿ ಇಲ್ಲದಿದ್ದರೂ ಚಕ್ರ ಉರುಳಿಸಿ ಸಾಲುಗಳನ್ನು ಮೇಲೆ ಕೆಳಗೆ ಓಡಿಸಬಹುದು. ಬಣ್ಣದ ಪರದೆಯಲ್ಲಿ ಪುಟ ಸರಿದಾಗ ಇವರ ಮುಖ ನೋಡಬೇಕಿತ್ತು. ಪುಟ ಸರಿಯಿತು ಎಂದರೆ ಬೆರಳು ಆಡಿತು ಎಂದು ಅರ್ಥ. ಬೇರೆ ಯಾವ ಸಾಕ್ಷಿಯೂ ಇವರಿಗೆ ಇರಲಿಲ್ಲ.

ಕಪ್ಪು ಪರದೆಗೆ ಹೋದರೆ ಒಂದು ಸಾಲೂ ಅಲುಗುತ್ತಿರಲಿಲ್ಲ.

ಇವರು ಅದನ್ನು ಬೆರಳಿನ ತಪ್ಪು ಎಂದೇ ತಿಳಿದರು. ಕೆಲಸ ಅಂದ ತಕ್ಷಣ ಬೆರಳು ಮರಗಟ್ಟುತ್ತದೆ, ಆಟಕ್ಕೆ ಬರುತ್ತದೆ ಲೆಕ್ಕಕ್ಕೆ ಬರುವುದಿಲ್ಲ ಅಂದರು. ಮಗಳು ಕಾಲೇಜಿಗೆ ಹೋದ ಮೇಲೆ ಹೊತ್ತುಗಟ್ಟಲೆ ಆ ಕಪ್ಪಿನ ಮುಂದೆ ಕೂತು ಬೆರಳನ್ನೇ ದಿಟ್ಟಿಸುತ್ತಿದ್ದರು. ನಾನು ಅಡುಗೆಮನೆಯಿಂದ ಇಣುಕಿ ನೋಡಿ ಒಳಗೆ ಹೋಗುತ್ತಿದ್ದೆ. ಏನು ಹೇಳಲಿ? ಆ ಯಂತ್ರಕ್ಕೂ ನನಗೂ ಇದ್ದ ನಂಟು ಆಯುಧಪೂಜೆಯ ದಿನ ಕುಂಕುಮ ಇಡುವುದು ಮಾತ್ರ.

ಒಂದು ದಿನ ಇವರು ಸ್ನಾನಕ್ಕೆ ಹೋದಾಗ ಸೆರಗಿಗೆ ಕೈ ಒರೆಸಿಕೊಂಡು ಆ ಕುರ್ಚಿಯಲ್ಲಿ ಕೂತೆ. ಪರದೆ ಕಪ್ಪಗೇ ಇತ್ತು. ಅಲುಗದಿರಲಿ ತಾಯೀ ಎಂದು ಬೇಡಿಕೊಂಡೆ. ದೇವರಲ್ಲಿ ಅಂಥ ಬೇಡಿಕೆ ಯಾರು ಇಟ್ಟಿದ್ದಾರೋ ಕಾಣೆ. ಹಿಟ್ಟು ನಾದುವ, ಕೊಬ್ಬರಿ ತುರಿಯುವ ನನ್ನ ಗಟ್ಟಿ ಬೆರಳಿನಿಂದ ಚಕ್ರ ಉರುಳಿಸಿದೆ. ಅಲುಗಲಿಲ್ಲ. ಜೋರಾಗಿ ಉರುಳಿಸಿದೆ. ಇಲ್ಲ. ಬಚ್ಚಲ ಬಾಗಿಲ ಹತ್ತಿರವೇ ಹೋಗಿ ಕೂಗಿ ಹೇಳಿದೆ.

"ರೀ, ನನ್ನ ಬೆರಳಿಗೂ ಬರಲ್ಲ ಅದು. ನಿಮ್ಮ ಬೆರಳಿಂದಲ್ಲ ಕಣ್ರೀ."

ಒಳಗೆ ನೀರಿನ ಸದ್ದು ನಿಂತಿತು. "ಇನ್ನೊಂದ್ಸಲ ನೋಡು" ಅಂದರು.

ಆ ಸಂಜೆ ಮಗಳು ತಲೆ ಕೆರೆದುಕೊಂಡಳು. ನಾವು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುವ ಹುಡುಗಿ ಅವಳು. ಆದರೂ ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದಳು. ಬಣ್ಣದ ಪರದೆಯಲ್ಲಿ ಮೌಸನ್ನು ನೋಡಿಕೊಳ್ಳುವವನು ಒಬ್ಬ, ಕಪ್ಪು ಪರದೆಯಲ್ಲಿ ಇನ್ನೊಬ್ಬ. ಈ ಎರಡನೆಯವನಿಗೆ ಮೌಸಿಗೆ ಚಕ್ರ ಇದೆ ಎಂಬುದೇ ಗೊತ್ತಿಲ್ಲ. ಗೊತ್ತು ಮಾಡಿಸೋಣವೆಂದರೆ, ಒಂದೇ ನಲ್ಲಿಗೆ ಇಬ್ಬರು ಕೊಡ ಹಿಡಿದಂತೆ ಇಬ್ಬರೂ ಕಿತ್ತಾಡುತ್ತಾರೆ. ಅವಳು ಒಂದನ್ನು ಸರಿಮಾಡಿದರೆ ಇನ್ನೊಂದರಲ್ಲಿ ಬಾಣದ ಗುರುತು ಹುಚ್ಚು ಹಿಡಿದಂತೆ ಮೂಲೆಗೆ ಹೋಗಿ ಕೂರುತ್ತಿತ್ತು. ಅದನ್ನು ಸರಿಮಾಡಿದರೆ ಇದು ಕೆಡುತ್ತಿತ್ತು. ಕೆಲವು ದಿನ ಎರಡೂ ಇಲ್ಲದೆ ಹೋಯಿತು. ಇವರಿಗೆ ಇದ್ದ ಒಂದು ಅಭ್ಯಾಸವೂ ತಪ್ಪಿತು. ಬೈಯಲು ಯಾರೂ ಇರಲಿಲ್ಲ, ಮಗಳು ಊಟ ಬಿಟ್ಟು ಅದರ ಮುಂದೆಯೇ ಕೂತಿದ್ದಳು.

ನವರಾತ್ರಿಯ ಅಷ್ಟಮಿಯ ದಿನ ಮಧ್ಯಾಹ್ನ ಅವಳು ಗೆದ್ದಳು. ಕಪ್ಪು ಪರದೆಯವನೇ ಮೊದಲು ನೀರು ಹಿಡಿದು ಇನ್ನೊಬ್ಬನ ಕೊಡಕ್ಕೆ ಸುರಿಯುವ ಹಾಗೆ ಏರ್ಪಾಡು ಮಾಡಿದಳಂತೆ. ತನ್ನ ಬೆರಳಿಂದ ಉರುಳಿಸಿ ತೋರಿಸಿದಳು. ಕಪ್ಪಿನಲ್ಲಿ ಸಾಲುಗಳು ಓಡಿದವು, ಬಣ್ಣದಲ್ಲೂ ಓಡಿದವು. ಇವರು ಆಗ ಮಲಗಿದ್ದರು, ಎದ್ದ ಮೇಲೆ ನೋಡಲಿ ಎಂದು ನಾನೇ ಅಂದೆ.

ಸಂಜೆ ದೀಪ ಹಚ್ಚಲು ಹೋದರೆ, ದೇವರ ಮುಂದೆ ಅವಳ ಪುಸ್ತಕಗಳ ರಾಶಿ, ರೇಷ್ಮೆ ಬಟ್ಟೆ, ಅದರ ಮೇಲೆ ತಂತಿ ಸುತ್ತಿಟ್ಟ ಮೌಸು, ಗಂಧದ ಬೊಟ್ಟು, ತುಳಸಿ. ನಮ್ಮ ಕಡೆ ಆಯುಧಪೂಜೆಗೆ ಒರೆಸಿ, ಕುಂಕುಮವಿಟ್ಟು, ಮಂಗಳಾರತಿ ಎತ್ತಿದರೆ ಆಯಿತು, ಅದೇ ಸಂಜೆ ಗಾಡಿ ಓಡಿಸುತ್ತೇವೆ. ಇಲ್ಲಿಯವರು ಅಷ್ಟಮಿಗೆ ಇಟ್ಟದ್ದನ್ನು ವಿಜಯದಶಮಿಯ ಬೆಳಗಿನ ತನಕ ಮುಟ್ಟುವಂತಿಲ್ಲ. ಇಲ್ಲೇ ಬೆಳೆದ ಮಗಳಿಗೆ ಅದೇ ಶಾಸ್ತ್ರ. ನಾನು ಕೈ ಚಾಚಿದೆ.

"ಅಮ್ಮೇ, ಎಡುಕ್ಕಲ್ಲೇ. ಪೂಜ ವೆಚ್ಚದಾ" ಅಂದಳು. ತೆಗೀಬೇಡ, ಪೂಜೆಗೆ ಇಟ್ಟಿದ್ದೀನಿ ಅಂತ.

ಅಪ್ಪ ಇನ್ನೂ ಮುಟ್ಟಿಯೇ ಇಲ್ಲವಲ್ಲೇ ಅಂದಾಗ ಅವಳಿಗೂ ಅರಿವಾಯಿತು. ಕೆಳಗಿನ ಮನೆಯ ಚೇಚಿಯನ್ನು, ಅಂದರೆ ಹಿರಿಯ ಅಕ್ಕನನ್ನು, ಕೇಳಿದೆ. ಸರಸ್ವತಿಗೆ ಒಪ್ಪಿಸಿದ್ದನ್ನು ನಡುವೆ ಎಳೆದುಕೊಳ್ಳುತ್ತಾರಾ, ಬೇಡ ಎಂದರು. ನನ್ನ ಕೈಯೂ ಮುಂದೆ ಹೋಗಲಿಲ್ಲ. ಬಿಡುವುದಕ್ಕೂ ಭಯ, ತೆಗೆಯುವುದಕ್ಕೂ ಭಯ.

ಕಾಯುವ ಆ ಹೊತ್ತಿನಲ್ಲಿ ಇವರು ಒಂದು ಮಾತು ಆಡಿದರು. ನವಮಿಯ ಪಾಯಸ ಬಡಿಸುತ್ತಿದ್ದೆ. ಎಡಗೈಯಲ್ಲಿ ಚಮಚ ಹಿಡಿದು, ತಲೆ ಎತ್ತದೆ ಅಂದರು:

"ಮೌಸು ಕೆಟ್ಟೇ ಇದ್ದಿದ್ರೆ ಚೆನ್ನಾಗಿತ್ತು ಕಣೇ. ಇನ್ಮೇಲೆ ಅಲುಗದಿದ್ರೆ ಅದು ನಾನೇ ಅಲ್ವಾ?"

ಇನ್ನೊಂದು ಸೌಟು ಪಾಯಸ ಹಾಕಿದೆ.

ದಶಮಿಯ ಬೆಳಿಗ್ಗೆ ಬಟ್ಟೆ ಸರಿಸಿದೆವು. ಪುಸ್ತಕ ತೆಗೆದ ಮೇಲೆ ದೊಡ್ಡವರೂ ತಟ್ಟೆಯ ಅಕ್ಕಿಯಲ್ಲಿ ತೋರುಬೆರಳಿಂದ ಅಕ್ಷರ ಬರೆಯುವುದು ಇಲ್ಲಿಯ ಪದ್ಧತಿ. ಮಗಳು ಬರೆದಳು. ಆಮೇಲೆ ಅಪ್ಪನ ಬೆರಳು ಹಿಡಿದು, ಚಿಕ್ಕಂದಿನಲ್ಲಿ ಅವರು ಅವಳಿಗೆ ಬರೆಸಿದಂತೆ, ಶ್ರೀ ಬರೆಸಿದಳು. ಬೆರಳಿಗೆ ಅಕ್ಕಿ ಚುಚ್ಚುತ್ತದಾ ಅಪ್ಪಾ ಎಂದು ಕೇಳಿದಳು. ಇಲ್ಲ ಎಂದು ಇವರು ತಲೆ ಆಡಿಸಿದರು.

ಮೌಸಿನ ಮೇಲೆ ಬೆರಳಿಟ್ಟಾಗ ನಾನು ದೇವರ ಮನೆಯ ಬಾಗಿಲಲ್ಲೇ ನಿಂತಿದ್ದೆ. ಕಪ್ಪು ಪರದೆಯಲ್ಲಿ ಒಂದು ಸಾಲು ಸರಿಯಿತು. ಇನ್ನೊಂದು ಸರಿಯಿತು. ಆಮೇಲೆ ನಿಂತುಬಿಟ್ಟಿತು. ಬಹಳ ಹೊತ್ತು ನಿಂತೇ ಇತ್ತು. ಮತ್ತೆ ಒಂದು. ಬಣ್ಣದ ಪರದೆಯಲ್ಲೂ ಅಷ್ಟೇ. ಮೌಸು ಸರಿಯಾಗಿತ್ತು. ಬೆರಳು ಮನಸ್ಸು ಬಂದಾಗ ಆಡುತ್ತಿತ್ತು, ಬಾರದಾಗ ಇಲ್ಲ.

ಮರುವಾರ ಕೊಚ್ಚಿಗೆ ಹೋದೆವು. ಮಗಳ ಒತ್ತಾಯಕ್ಕೆ ಮೌಸನ್ನೂ ನನ್ನ ಚೀಲದಲ್ಲಿ ಹಾಕಿಕೊಂಡಿದ್ದೆ. ಆಸ್ಪತ್ರೆಯ ಕಿಟಕಿಯಿಂದ ದೂರದಲ್ಲಿ ವಲ್ಲಾರ್ಪಾಡಂ ಬಂದರಿನ ಕ್ರೇನುಗಳು ಮನೆಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಎತ್ತಿ ಇಳಿಸುತ್ತಿದ್ದವು. ಇವರು ಅದನ್ನೇ ನೋಡುತ್ತಾ ಕೂತಿದ್ದರು. ಡಾಕ್ಟರು ಚಿಟಿಕೆ ಹಿಡಿಸಿದರು, ಗುಂಡಿ ಹಾಕಿಸಿದರು, ಮೌಸನ್ನೂ ಕೊಟ್ಟು ನೋಡಿದರು. ನರ ಬೆಳೆಯುತ್ತಿದೆ, ಆದರೆ ನಿಧಾನ, ಈಗಲೇ ಬರೆದುಕೊಡಲಾಗುವುದಿಲ್ಲ, ಕ್ರಿಸ್ಮಸ್ ಕಳೆದು ಬನ್ನಿ ಅಂದರು. ರಜೆ ಅದಕ್ಕೂ ಮೊದಲೇ ಮುಗಿಯುತ್ತದೆ. ಅಂದರೆ ಲೈಬ್ರರಿಯ ಕುರ್ಚಿ. ಬೆಳೆಯುತ್ತಿದೆ ಎಂಬ ಒಂದು ಮಾತನ್ನು ಮಾತ್ರ ಸೆರಗಿನ ಗಂಟಿಗೆ ಕಟ್ಟಿಕೊಂಡವಳಂತೆ ಹೊರಗೆ ಬಂದೆ.

ವಾಪಸ್ ರೈಲಿನಲ್ಲಿ ಇವರು ಕೊಲ್ಲಂ ದಾಟಿದ ಮೇಲೆ, "ಅದು ಕೊಡು" ಅಂದರು. ಮೌಸನ್ನು ಮಂಡಿಯ ಮೇಲೆ ಇಟ್ಟುಕೊಂಡರು. ತಂತಿ ಯಾವುದಕ್ಕೂ ಸೇರದೆ ಜೋತಾಡುತ್ತಿತ್ತು. ಪರದೆ ಇರಲಿಲ್ಲ. ಕಣ್ಣು ಮುಚ್ಚಿ ಬೆರಳಿಟ್ಟರು.

"ತಿರುಗ್ತಾ?"

ರೈಲಿನ ಸದ್ದಿನ ನಡುವೆ ಚಕ್ರದ ಸಣ್ಣ ಟಿಕ್ ಕೇಳಿಸಲು ಬಾಗಿ ಕಿವಿ ಕೊಟ್ಟೆ. ತಿರುಗ್ತು ಅಂದೆ. ಮತ್ತೆ ಕೇಳಿದರು. ಆ ಸಲ ಟಿಕ್ ಬರಲಿಲ್ಲ. ಸುಳ್ಳು ಹೇಳೋಣ ಎಂದು ಬಾಯಿಗೆ ಬಂದಿತ್ತು, ಆದರೆ ಇವರಿಗೆ ಈಗ ಇದ್ದ ಪರದೆ ನಾನೊಬ್ಬಳೇ.

"ಇಲ್ಲರೀ" ಅಂದೆ. "ಇನ್ನೊಂದ್ಸಲ ಮಾಡಿ."